ಪುಕ್ಕಟೆಯಾದರೂ ತುಟ್ಟಿ

ಸ್ವನೋಟ ಟೀವಿಯ ಚಂದಾ ಮುಗಿಯುತ್ತ ಬಂದಿತ್ತು. ಮುಂದಿನ ವರ್ಷಕ್ಕೆ ದರ ಒಂದೂವರೆ ಪಟ್ಟು ಏರಿದೆ ಎಂಬ ಸಂದೇಶ ಪರದೆಯ ಮೂಲೆಯಲ್ಲಿ ವಾರದಿಂದ ಮಿನುಗುತ್ತಿತ್ತು. ಚನ್ನವೀರ ಅದನ್ನು ನೋಡಿದಾಗಲೆಲ್ಲ ಹೆಂಡತಿಯ ಕಡೆ ತಿರುಗುತ್ತಿದ್ದ. ಅವನು ಹುಬ್ಬಳ್ಳಿಯ ಸಿಟಿ ಬಸ್ಸಿನ ಡ್ರೈವರ್. ಹೆಂಡತಿ ದಾಕ್ಷಾಯಣಿ ಸ್ವನೋಟ ಕಂಪನಿಯಲ್ಲೇ, ಬೈಪಾಸ್ ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಕೆಲಸಕ್ಕಿದ್ದಳು. ಸಿಬ್ಬಂದಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಆ ವರ್ಷ ತೆಗೆದುಹಾಕಿದ್ದರು.

"ಮುಂದುವರಿಸೂಣೋ, ಬಿಡೂಣೋ?" ಎಂದ ಚನ್ನವೀರ.

"ನೀವ ಹೇಳ್ರಿ."

"ಬಿಟ್ರ ಅವ್ವ ಏನ್ ಮಾಡ್ಬೇಕು? ದಿನಾ ಸಂಜಿ ಅಕಿಗೆ ಅದ ಆಧಾರ. ಮ್ಯಾಲ ರಿಮೋಟ್ ಸಂಬಂಧ ಜಗಳ ಇಲ್ಲ, ತಂಟೆ ಇಲ್ಲ. ಮನ್ಯಾಗ ಶಾಂತಿ ಐತಿ. ಅದಕ್ಕ ಅಷ್ಟ ರೊಕ್ಕ ಕೊಟ್ರ ತಪ್ಪಿಲ್ಲ ಬಿಡು."

ಶಾಂತಿ ಇದ್ದದ್ದು ನಿಜ. ಸ್ವನೋಟದ ಪರದೆ ಹೊರಗಿನಿಂದ ಮಾಮೂಲಿ ಟೀವಿಯ ಹಾಗೇ ಇತ್ತು. ಆದರೆ ಅದರ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಮಸೂರಗಳಿದ್ದವು. ಅವು ಒಂದೊಂದು ದಿಕ್ಕಿಗೆ ಒಂದೊಂದು ಚಿತ್ರವನ್ನು ಎಸೆಯುತ್ತಿದ್ದವು. ಧ್ವನಿಯೂ ಹಾಗೆಯೇ, ದಾರದಂತೆ ಸಣ್ಣಗೆ ಹೊರಟು ಕೂತವರ ಕಿವಿಗೆ ಮಾತ್ರ ಮುಟ್ಟುತ್ತಿತ್ತು. ಒಂದೇ ಸೋಫಾದ ಮೇಲೆ ಮೂರು ಜನ ಕೂತರೆ ಮೂವರಿಗೂ ಬೇರೆ ಬೇರೆ ನೋಟ. ಪರದೆಯ ನೆತ್ತಿಯ ಮೇಲಿದ್ದ ಪುಟ್ಟ ಕಣ್ಣು ನೋಡುವವರ ಮುಖ ಗುರುತಿಸಿ, ಕಣ್ಣಪಾಪೆ ಎಷ್ಟು ಅರಳಿತು, ಉಸಿರು ಎಲ್ಲಿ ನಿಂತಿತು ಎಂಬುದನ್ನು ಗಮನಿಸಿ, ಕಥೆಯನ್ನು ಅವರವರಿಗೆ ತಕ್ಕಂತೆ ಹೊಂದಿಸುತ್ತಿತ್ತು. ಕಂಪನಿಯವರು ಅದಕ್ಕೆ 'ಹದ' ಎನ್ನುತ್ತಿದ್ದರು. ಹದ ಎಂದರೆ ಒಬ್ಬರಿಗೆ ಹಾಡು ಹೆಚ್ಚು, ಇನ್ನೊಬ್ಬರಿಗೆ ನಗೆ ಹೆಚ್ಚು, ಅಷ್ಟೇ ಎಂದು ದಾಕ್ಷಾಯಣಿ ತಿಳಿದಿದ್ದಳು. ಓಣಿಯ ಉಳಿದವರೂ ಹಾಗೇ ತಿಳಿದಿದ್ದರು.

ಸಂಜೆಯಾದರೆ ಎಲ್ಲ ಮನೆಗಳಲ್ಲೂ 'ನೀಲಾಂಬರಿ ನಿವಾಸ' ಧಾರಾವಾಹಿ ಶುರುವಾಗುತ್ತಿತ್ತು. ಹಳೇ ಗಿರಣಿಯ ಹಿಂದಿನ ಆ ಓಣಿ ಮೊದಲು ಆ ಹೊತ್ತಿಗೆ ಗಿಜಿಗುಡುತ್ತಿತ್ತು. ಈಗ ಕಿಟಕಿಗಳಲ್ಲಿ ನೀಲಿ ಬೆಳಕು ಮಾತ್ರ ಆಡುತ್ತಿತ್ತು.

ಆದರೂ ಮನೆಯಲ್ಲಿ ಏನೋ ಕೆಟ್ಟಿತ್ತು. ಅತ್ತೆ ಗಂಗವ್ವ ಮಾತು ಕಡಿಮೆ ಮಾಡಿದ್ದಳು. ಸೊಸೆ ಕೊಟ್ಟ ಹಾಲನ್ನು ಈಚೆಗೆ ಒಮ್ಮೆ ಮೂಸಿ ನೋಡಿ ಕುಡಿಯುತ್ತಿದ್ದಳು. ಪಕ್ಕದ ಮನೆಯ ಹುಸೇನಬಿ ಅವಳ ಜೀವದ ಗೆಳತಿ; ಇಬ್ಬರೂ ಮದುವೆಯಾಗಿ ಒಂದೇ ವರ್ಷ ಈ ಓಣಿಗೆ ಬಂದವರು, ಇಬ್ಬರ ಗಂಡಂದಿರೂ ಒಂದೇ ಗಿರಣಿಯಲ್ಲಿ ದುಡಿದವರು. ಆ ಹುಸೇನಬಿಯ ಮನೆಗೆ ಗಂಗವ್ವ ಕಾಲಿಡದೆ ತಿಂಗಳುಗಳಾಗಿದ್ದವು. ಅವಳೂ ಇತ್ತ ಬರುತ್ತಿರಲಿಲ್ಲ. ಯಾಕೆಂದು ಕೇಳಿದರೆ, "ಹಂಗ ಏನಿಲ್ಲ, ವಯಸ್ಸಾತು" ಎನ್ನುತ್ತಿದ್ದಳು ಗಂಗವ್ವ. ಹಾಗೆನ್ನುವಾಗ ಅವಳ ಕೈ ಮಾತ್ರ ಬಂಗಾರದ ಬಳೆ ಇಟ್ಟ ಪೆಟ್ಟಿಗೆಯ ಕೀಲಿಯನ್ನು ಸೆರಗಿನ ತುದಿಯಲ್ಲಿ ತಡವುತ್ತಿತ್ತು.

ಚಂದಾ ಕಟ್ಟುವ ಮಾತು ಇತ್ಯರ್ಥವಾಗುವ ಮುಂಚೆಯೇ, ಒಂದು ಸಂಜೆ, ರಸ್ತೆ ಅಗೆಯುವ ಯಂತ್ರ ಓಣಿಯ ಬಾಯಲ್ಲಿ ಕೇಬಲ್ ಕಡಿದು ಹಾಕಿತು. ಪರದೆ ಕಪ್ಪಾಯಿತು. ಮೂವರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತರು.

"ಥೂ ಇದರ!" ಎಂದಳು ಗಂಗವ್ವ. "ಇವತ್ತ ಕುಮುದಾನ ಬಣ್ಣಾ ಬಯಲಾಗೂದಿತ್ತು. ಹಾಲಿನ್ಯಾಗ ಪುಡಿ ಹಾಕೂದನ್ನ ಅಕಿ ಅತ್ತಿ ನೋಡೇ ಬಿಡಾಕಿದ್ಲು."

ಚನ್ನವೀರ ತಾಯಿಯ ಮುಖ ನೋಡಿದ. "ಯಾವ ಕುಮುದಾ? ಅಕಿ ಸತ್ತ ಎಷ್ಟ ದಿನಾ ಆತಲ್ಲವ್ವಾ? ಈಗ ಅಣ್ಣ ತಮ್ಮನ ಕೇಸ್ ನಡದೈತಿ. ಅಣ್ಣ ಸುಳ್ಳ ಕಾಗದ ಮಾಡಿ ಮನಿ ನುಂಗಾಕ ನಿಂತಾನ."

"ಕುಮುದಾ ಸತ್ತಿಲ್ಲರಿ," ಎಂದಳು ದಾಕ್ಷಾಯಣಿ, ನಗುತ್ತ. "ಅಕಿ ಗಂಡಗ ಬೆಳಗಾವ್ಯಾಗ ಇನ್ನೊಂದ ಸಂಸಾರ ಐತೆಂತ ಅಕಿಗೆ ನಿನ್ನೆ ಗೊತ್ತಾತು."

ಮೊದಲು ಮೂವರೂ ನಕ್ಕರು. ಮಾತು ಮುಂದುವರಿದ ಹಾಗೆ ನಗು ನಿಂತಿತು. ಗಂಗವ್ವನ ಕಥೆಯಲ್ಲಿ ಸೊಸೆ ಅತ್ತೆಗೆ ದಿನಾ ಚೂರುಚೂರು ವಿಷ ಕೊಡುತ್ತಿದ್ದಳು. ಪಕ್ಕದ ಮನೆಯ ಗೆಳತಿ ಮದುವೆಗೆಂದು ಬಂಗಾರದ ಬಳೆ ಕೇಳಿ ಒಯ್ದು, ಅಂಥವೇ ನಕಲಿ ಬಳೆ ತಂದಿಟ್ಟಿದ್ದಳು. ಚನ್ನವೀರ ತನ್ನ ಅಣ್ಣನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟದ್ದು ದೀಪಾವಳಿಯಿಂದ ಈಚೆಗೆ; ಗದಗಿನ ಆ ಅಣ್ಣ ಮನೆಯ ಪಾಲಿನ ಮಾತನ್ನೇ ಎಂದೂ ಎತ್ತಿದವನಲ್ಲ. ದಾಕ್ಷಾಯಣಿಗೂ ತನ್ನದು ನೆನಪಾಯಿತು. ಗಂಡ ಸ್ನಾನಕ್ಕೆ ಹೋದಾಗ ಅವನ ಮೊಬೈಲ್ ತೆರೆದು ನೋಡುವ ಚಾಳಿ ಅವಳಿಗೆ ಯಾವಾಗ ಹತ್ತಿತು?

ಗಂಗವ್ವ ಸೊಸೆಯನ್ನು ನೋಡಲಾರದೆ ಗೋಡೆಯ ಕಡೆ ನೋಡಿದಳು. "ನಾ ಹಾಲು ಮೂಸೂದನ್ನ ನೀ ನೋಡೀ ಏನು?" ಎಂದು ಕೇಳಿದಳು.

"ನೋಡೀನ್ರಿ ಅತ್ತಿ."

"ಮತ್ಯಾಕ ಸುಮ್ಮನಿದ್ದಿ?"



ಮರುದಿನ ಕೆಲಸಕ್ಕೆ ಹೋದವಳೇ ಮೇಲಧಿಕಾರಿ ಶ್ರೀವತ್ಸನ ಗಾಜಿನ ಕೋಣೆಗೆ ಹೋದಳು. ಶ್ರೀವತ್ಸ ಬೆಂಗಳೂರಿನಿಂದ ಬಂದವನು, ದನಿ ಎತ್ತಿ ಮಾತಾಡಿದವನಲ್ಲ. ಅವಳ ಕೆಲಸ ನೋಡಲು ಸಣ್ಣದು. ಯಂತ್ರ ಹೆಣೆದ ಕಥೆಗೆ ಮನುಷ್ಯರೊಬ್ಬರು ಒಪ್ಪಿಗೆ ಕೊಡಬೇಕೆಂದು ಕಾನೂನಿತ್ತು. ಒಂದೊಂದು ಬಡಾವಣೆಯ ಹದ ಅವಳ ಮುಂದೆ ಬರುತ್ತಿತ್ತು. ಏರಿಳಿಯುವ ಗೆರೆಗಳನ್ನು ನೋಡಿ ಅವಳು ಒಪ್ಪಿಗೆಯ ಗುಂಡಿ ಒತ್ತುತ್ತಿದ್ದಳು. ದೃಶ್ಯಗಳನ್ನು ತೆರೆದು ನೋಡಲು ಅವಕಾಶವಿತ್ತು, ಆದರೆ ಒಂದು ಪಾಳಿಯಲ್ಲಿ ಸಾವಿರಾರು ಬರುತ್ತಿದ್ದುದರಿಂದ ಯಾರೂ ತೆರೆಯುತ್ತಿರಲಿಲ್ಲ.

"ನಮ್ಮತ್ತಿಗೆ ನಾ ವಿಷಾ ಹಾಕೂದನ್ನ ದಿನಾ ತೋರ್ಸಾಕತ್ತೇವಿ ಸರ್," ಎಂದಳು.

ಶ್ರೀವತ್ಸನಿಗೆ ಆಶ್ಚರ್ಯವಾಗಲಿಲ್ಲ. "ಕೂತ್ಕೊಳ್ಳಿ ದಾಕ್ಷಾಯಣಿ. ಯಂತ್ರಕ್ಕೆ ನಿಮ್ಮತ್ತೆ ಮೇಲೆ ದ್ವೇಷ ಇಲ್ಲ. ಅದು ಎಲ್ಲಾ ಥರದ ಕಥೇನೂ ಹಾಕಿ ನೋಡುತ್ತೆ, ಯಾವುದಕ್ಕೆ ಕಣ್ಣು ಕೀಳಲ್ವೋ ಅದನ್ನ ಉಳಿಸ್ಕೊಳ್ಳುತ್ತೆ. ನಗು ಅರ್ಧ ಗಂಟೆ ಹಿಡಿಯುತ್ತೆ. ಕಣ್ಣೀರು ಒಂದು ಸಂಜೆ ಹಿಡಿಯುತ್ತೆ. ಅನುಮಾನ ಮಾತ್ರ ಇಡೀ ವರ್ಷ ಹಿಡಿಯುತ್ತೆ."

"ಅದಕ್ಕ ಮನೀ ಮಂದೀನ ಯಾಕ ಬೇಕು?"

"ದೂರದವರ ಮೇಲಿನ ಅನುಮಾನ ಟೀವಿ ಆರಿಸಿದ್ರೆ ಆರಿಹೋಗುತ್ತೆ. ಮನೇಲೇ ಇರೋರ ಮೇಲಿಂದು ಆರಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಕಥೆ ನಡೀತಾನೇ ಇರುತ್ತೆ. ಮಾರನೇ ದಿನ ಮತ್ತೆ ಬಂದು ಕೂತ್ಕೋತಾರೆ." ಅವನು ಸ್ವಲ್ಪ ತಡೆದು, "ಯಾರಿಗೂ ಬಲವಂತ ಇಲ್ಲ. ಬೇಡ ಅಂದ್ರೆ ಚಂದಾ ಬಿಡಬಹುದು," ಎಂದ.

ದಾಕ್ಷಾಯಣಿ ಆ ಮಾತನ್ನೇ ಮನೆಗೆ ಒಯ್ದಳು. ಕೇಳಿದ ಗಂಗವ್ವ ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲಿದ್ದ ಹಾಲನ್ನು ತಾನೇ ಲೋಟಕ್ಕೆ ಬಗ್ಗಿಸಿ, ಸೊಸೆಯ ಕೈಗೆ ಕೊಟ್ಟು, ಮತ್ತೆ ಅವಳ ಕೈಯಿಂದ ಇಸಿದುಕೊಂಡು, ಒಂದೇ ಉಸಿರಿಗೆ ಕುಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಪಕ್ಕದ ಮನೆಗೆ ನಡೆದಳು. ದಾಕ್ಷಾಯಣಿ ಹಿಂದೆಯೇ ಹೋದಳು.

ಹುಸೇನಬಿ ಬಾಗಿಲನ್ನು ಅರ್ಧವಷ್ಟೇ ತೆರೆದಳು. "ಏನವಾ, ದಾರಿ ತಪ್ಪಿ ಬಂದೇನು?"

"ನಿನ್ನ ಪೆಟ್ಟಿಗ್ಯಾಗ ನಾ ಏನ್ ಮಾಡೀನಿ, ಅದನ್ನ ಹೇಳು ಮೊದಲ," ಎಂದಳು ಗಂಗವ್ವ.

"ಯಾವ ಪೆಟ್ಟಿಗಿ?"

"ಅದ, ಗ್ವಾಡಿಗೆ ತೂಗಿ ಹಾಕೀಯಲ್ಲ, ಅದರಾಗ. ನನ್ನ ಪೆಟ್ಟಿಗ್ಯಾಗ ನೀ ನನ್ನ ಬಂಗಾರದ ಬಳಿ ಕದ್ದಿ ಹುಸೇನಬಿ. ನಾ ನಂಬಿದೆ. ನಾಚಿಗಿ ಬಿಟ್ಟ ಹೇಳಾಕತ್ತೀನಿ, ನಂಬಿದೆ. ನಿಂದ ನೀ ಹೇಳು."

ಹುಸೇನಬಿಯ ಕೈ ಬಾಗಿಲಿನ ಮೇಲೇ ಇತ್ತು. ಅವಳ ಮೊಮ್ಮಗಳಿಗೆ ಗೊತ್ತುಮಾಡಿದ್ದ ಮದುವೆಯ ಸಂಬಂಧ ಬೇಸಿಗೆಯಲ್ಲಿ ಮುರಿದುಬಿದ್ದಿತ್ತು. ಕೊನೆಗೆ ಅವಳು ಮೆಲ್ಲಗೆ ಹೇಳಿದಳು: "ಕಟ್ಟಿ ಮ್ಯಾಲೆ ಕುಂತ ಪಕ್ಕದ ಮನಿ ಮುದಿಕಿ ವರನ ಕಡ್ಯಾವ್ರ ಕಿವಿ ಊದಿದ್ಲು. ಹುಡುಗಿ ಬಗ್ಗೆ ಇಲ್ಲದ್ದ ಹೇಳಿದ್ಲು. ಅದನ್ನ ನೋಡಿದಾಗಿಂದ... ನೀನ ಇರಬೇಕು ಅಂತ..."

"ನಾನಾ? ಆ ಕೂಸು ಹುಟ್ಟಿದಾಗ ಬಾಣಂತನ ಮಾಡಿದಾಕಿ ನಾನಾ?"

ಹುಸೇನಬಿ ಬಾಗಿಲು ಪೂರ್ತಿ ತೆರೆದಳು. ಇಬ್ಬರೂ ಹೊಸಿಲಲ್ಲೇ ಕೂತು ಅತ್ತರು, ಬೈದುಕೊಂಡರು, ಮತ್ತೆ ಅತ್ತರು. ದಾಕ್ಷಾಯಣಿ ಆಚೆ ನಿಂತು ನೋಡುತ್ತಿದ್ದಳು. 

ಅಂದು ಸಂಜೆಯೇ ಚನ್ನವೀರ ಗದಗಿಗೆ ಫೋನು ಹಚ್ಚಿದ. ಅವನ ಅಣ್ಣ ಮೊದಲು ಕೇಳಿದ್ದು, "ಅವ್ವಗ ಆರಾಮೈತಿಲ್ಲೋ?" ಎಂದು.  ಚಂದಾ ಮುಂದುವರಿಸುವ ಮಾತು ಅಲ್ಲಿಗೆ ಮುಗಿಯಿತು.

ಗಂಗವ್ವನದು ಮುಗಿಯಲಿಲ್ಲ. ಮರುದಿನದಿಂದ ಅವಳು ಸಂಜೆ ಕಟ್ಟೆಯ ಮೇಲೆ ಕೂರತೊಡಗಿದಳು. ಹೋಗುವ ಬರುವ ಹೆಂಗಸರನ್ನು ಕರೆದು, "ನಿನ್ನ ಪೆಟ್ಟಿಗ್ಯಾಗ ಕುಮುದಾ ಏನ್ ಮಾಡಾಕತ್ತಾಳ?" ಎಂದು ಕೇಳುವಳು. ಪಕ್ಕದಲ್ಲಿ ಹುಸೇನಬಿ ಬೀಡಾ ಕಟ್ಟುತ್ತ ಕೂತಿರುವಳು. ಒಬ್ಬಳು ತನ್ನದನ್ನು ಹೇಳಿದರೆ ಇನ್ನೊಬ್ಬಳು, "ಅಯ್ಯ, ನನ್ನಾಗ ಹಂಗಿಲ್ಲ" ಎನ್ನುವಳು. ಹೇಳುತ್ತ ಹೇಳುತ್ತ ಮಾತು ಎಲ್ಲಿಗೆ ಬಂದು ನಿಲ್ಲುತ್ತದೆಂದು ಎಲ್ಲರಿಗೂ ತಿಳಿಯತೊಡಗಿತು. ಯಾರ ಕಥೆಯ ಕಳ್ಳನಾದರೂ ಅವರ ಮನೆಯೊಳಗಿನವನೋ, ಮಗ್ಗುಲ ಮನೆಯವನೋ ಆಗಿರುತ್ತಿದ್ದ. ಹಿಟ್ಟಿನ ಗಿರಣಿಯ ನೀಲವ್ವ ತನ್ನ ನಾದಿನಿಯನ್ನು ಕರೆತಂದು ಎಲ್ಲರೆದುರಿಗೆ ಕೈ ಹಿಡಿದುಕೊಂಡಳು. ಕೆಲವರು ಮಾತ್ರ, "ಹೊತ್ತು ಹೋಗಾಕ ಒಂದ ಬೇಕಲ್ಲ" ಎಂದು ಒಳಗೇ ಉಳಿದರು.

ಮನೆಗಳು ಒಂದೊಂದಾಗಿ ಚಂದಾ ಬಿಟ್ಟವು. ಕಂಪನಿಯಿಂದ ಫೋನು ಬರತೊಡಗಿತು. ಮೊದಲು ದರ ಇಳಿಯಿತು. ಬೇಡ ಎಂದವರಿಗೆ ಅರ್ಧಕ್ಕಿಳಿಯಿತು. ಆಮೇಲೆ ಕಾಲು ಭಾಗಕ್ಕೆ. ಕೊನೆಗೆ ಪುಕ್ಕಟೆ ಎಂದರು. ಪುಕ್ಕಟೆ ಎಂದ ದಿನ ಗಂಗವ್ವ ಫೋನಿನಲ್ಲಿದ್ದ ಹುಡುಗಿಗೆ ಹೇಳಿದಳು: "ಯವ್ವಾ, ನಾ ಸಂತ್ಯಾಗ ಕಾಯಿಪಲ್ಲೆ ಕೊಂಡಾಕಿ. ಪುಕ್ಕಟೆ ಕೊಡ್ತೀನಿ ಅನ್ನಾವ ಕೊಳತದ್ದ ಕೊಡ್ತಾನ, ಇಲ್ಲಾ ನನ್ನ ಚೀಲಕ್ಕ ಕೈ ಹಾಕಿರ್ತಾನ. ನಿಮ್ಮದು ಎರಡೂ ಐತಿ."

ನಿಯಂತ್ರಣ ಕೊಠಡಿಯ ನಕ್ಷೆಯಲ್ಲಿ ಹಳೇ ಗಿರಣಿಯ ಓಣಿ ದಿನದಿನಕ್ಕೆ ಮಂಕಾಗುತ್ತಿತ್ತು. ಮಂಕು ಪಕ್ಕದ ಓಣಿಗೂ ಹರಿಯತೊಡಗಿದಾಗ ಯಂತ್ರ ತಾನಾಗಿಯೇ ಒಂದು ಹೊಸ ಹದ ಹೆಣೆದು ಕಳಿಸಿತು. ಅದು ಬಂದದ್ದು ದಾಕ್ಷಾಯಣಿಯ ಮೇಜಿಗೇ. ಈಗವಳು ಗೆರೆಗಳನ್ನಷ್ಟೇ ನೋಡಿ ಬಿಡುತ್ತಿರಲಿಲ್ಲ. ದೃಶ್ಯ ತೆರೆದಳು.

ನೀಲಾಂಬರಿ ನಿವಾಸದ ಎದುರಿಗೆ ಹೊಸದೊಂದು ಕಟ್ಟೆ ಬಂದಿತ್ತು. ಅದರ ಮೇಲೆ ಇಳಕಲ್ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿದ ಮುದುಕಿಯೊಬ್ಬಳು ಕೂತಿದ್ದಳು. ಹೋಗುವ ಬರುವ ಹೆಂಗಸರನ್ನು ಕರೆದು ಮನೆಯ ಗುಟ್ಟು ಕೇಳುತ್ತಿದ್ದಳು. ಹೆಂಗಸರು ಹೋದ ಮೇಲೆ ನಗುತ್ತಿದ್ದಳು. ಮೂಗು ಬೇರೆ, ಗದ್ದ ಬೇರೆ. ಆದರೆ ಕಾಲು ಮಡಚಿ ಕೂರುವ ರೀತಿ, ಮಾತಿನ ನಡುವೆ ಸೆರಗು ಎಳೆದುಕೊಳ್ಳುವ ರೀತಿ ಗಂಗವ್ವನದೇ. ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ವರ್ಷಗಟ್ಟಲೆ ಗಂಗವ್ವನನ್ನು ಎದುರಿಗೆ ಕೂಡಿಸಿಕೊಂಡು ನೋಡಿತ್ತು. ಬೀದಿಯಿಂದ ಅವಳ ದನಿ ಕೇಳಿದಾಗ ಉಳಿದವರ ಕಣ್ಣು ಪರದೆ ಬಿಟ್ಟು ಬಾಗಿಲ ಕಡೆ ಹೋಗುವುದನ್ನೂ ಕಂಡಿತ್ತು. ಎರಡನ್ನೂ ತಾನೇ ಗಂಟು ಹಾಕಿಕೊಂಡಿತ್ತು.

ದಾಕ್ಷಾಯಣಿ ಒಪ್ಪಿಗೆ ಇಲ್ಲ ಎಂದು ಒತ್ತಿದಳು. ಕಾರಣ ಕೇಳುವ ಜಾಗದಲ್ಲಿ, 'ಇದು ಕಥೆಯಲ್ಲ, ಚಾಡಿ' ಎಂದು ಬರೆದಳು.

ಶ್ರೀವತ್ಸ ಅವಳನ್ನು ಕರೆಸಿದ. "ನಿಮ್ಮ ಮನೆಗೆ ಜೀವನಪೂರ್ತಿ ಉಚಿತ ಮಾಡಿಸ್ತೀನಿ. ನಿಮಗೆ ಬಡ್ತಿಗೂ ಬರೀತೀನಿ. ನಿಮ್ಮತ್ತೆಗೆ ಸ್ವಲ್ಪ ದಿನ ಸಂಜೆ ಹೊತ್ತು ಒಳಗೆ ಕೂತ್ಕೊಳ್ಳೋಕೆ ಹೇಳಿ, ಅಷ್ಟೆ. ಈ ಹದಾನೂ ನಿಲ್ಲಿಸಿಬಿಡೋಣ."

"ಅಕಿ ಕಟ್ಟಿ ಅಕಿದು ಸರ್. ಅಕಿ ಕುಂಡ್ರತಾಳ."

"ನೀವು ಒತ್ತದಿದ್ರೆ ಮುಂದಿನ ಮೇಜಿನವರು ಒತ್ತುತ್ತಾರೆ."

"ಒತ್ತಲಿ. ಒತ್ತಿದಾವ್ರ ಹೆಸರು ಇರ್ತೈತಿ. ಕಾನೂನಿನ್ಯಾಗ ಒಬ್ಬರ ಹೆಸರು ಇರಬೇಕಂತ ಮನಶ್ಯಾರನ್ನ ಕುಂಡ್ರಿಸ್ಯಾರ. ನನ್ನ ಹೆಸರಿನ ಮ್ಯಾಲ ಇದು ಹೋಗಂಗಿಲ್ಲ."

ಮುಂದಿನ ಮೇಜಿನ ಹುಡುಗಿ ಮುಖ ತಿರುಗಿಸಿಕೊಂಡಳು. ಅದರಾಚೆಯವನು ಟೀ ಕುಡಿಯಲು ಎದ್ದು ಹೋದ. ಶ್ರೀವತ್ಸ ಕೊನೆಗೆ ತಾನೇ ಬಂದು ಗುಂಡಿ ಒತ್ತಿದ. ದಾಕ್ಷಾಯಣಿ ಕೊರಳಿನ ಗುರುತಿನ ಕಾರ್ಡು ಬಿಚ್ಚಿ ಅವನ ಮೇಜಿನ ಮೇಲಿಟ್ಟು ಹೊರಬಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ತಿಂಗಳ ಖರ್ಚಿನ ಲೆಕ್ಕ ಹಾಕಿದಳು. ಮನೆಯ ಅರ್ಧ ಖರ್ಚು ಅವಳ ಸಂಬಳದಲ್ಲಿ ನಡೆಯುತ್ತಿತ್ತು. ಆದರೂ ತಿರುಗಿ ಹೋಗುವ ಮನಸ್ಸು ಒಮ್ಮೆಯೂ ಬರಲಿಲ್ಲ.

ಅತ್ತೆಗೆ ಎಲ್ಲವನ್ನೂ ಹೇಳಿದಳು. ಗಂಗವ್ವನ ಮುಖ ಬಿಳಿಚಿತು. "ನನ್ನನ್ನ ಮನಿಮುರುಕಿ ಮಾಡ್ಯಾರೇನು?" ಎಂದಳು. ಇಷ್ಟು ವರ್ಷ ಇದೇ ಓಣಿಯಲ್ಲಿ ಹೆರಿಗೆ ಸಾವು ಎನ್ನದೆ ಎಲ್ಲರ ಮನೆಗೆ ಹೊಕ್ಕು ಬಂದ ಹೆಣ್ಣು. 

"ಒಳಗ ಇರ್ರಿ ಅತ್ತಿ ಇವತ್ತೊಂದ ದಿನ," ಎಂದ ಸೊಸೆಯನ್ನು ಅವಳು ದಿಟ್ಟಿಸಿ ನೋಡಿದಳು.

"ಒಳಗ ಕುಂತ್ರ ಅದು ಹೇಳಿದ್ದ ಖರೇ ಆಗ್ತೈತಿ. ಕುರ್ಚಿ ತಗೊಂಬಾ. ಕಟ್ಟಿ ಮ್ಯಾಲ ಬ್ಯಾಡ, ಓಣಿ ನಡುವ ಹಾಕು."

ದಾಕ್ಷಾಯಣಿ ಕುರ್ಚಿ ಹಾಕಿದಳು. ಹುಸೇನಬಿ ತನ್ನ ಕುರ್ಚಿ ತಂದು ಪಕ್ಕಕ್ಕೆ ಹಾಕಿಕೊಂಡಳು. ಆಗತಾನೆ ಪಾಳಿ ಮುಗಿಸಿ ಬಂದ ಚನ್ನವೀರ ಖಾಕಿ ಬಟ್ಟೆಯಲ್ಲೇ ತಾಯಿಯ ಹಿಂದೆ ನಿಂತ. ಉಳಿದ ಮನೆಗಳಲ್ಲಿ ನೀಲಿ ಬೆಳಕು ಹತ್ತಿತು. ಓಣಿಯಲ್ಲಿ ಸದ್ದೇ ಇಲ್ಲ. ಆ ಗೋಡೆಗಳ ಒಳಗೆ ತನ್ನ ಬಗ್ಗೆ ಏನು ನಡೆದಿದೆಯೆಂದು ಕೇಳಿಸಿಕೊಳ್ಳಲೂ ಆಗದೆ ಗಂಗವ್ವ ನೆಟ್ಟಗೆ ಕೂತಿದ್ದಳು.

ಮೊದಲು ಬಾಗಿಲು ತೆರೆದವಳು ದರ್ಜಿ ಕಲ್ಲವ್ವ. ದಡದಡ ಬಂದು ಗಂಗವ್ವನ ಮುಂದೆ ನಿಂತಳು. ಕಣ್ಣು ಕೆಂಪಾಗಿತ್ತು.

"ನೋಡಿದೇನವಾ?" ಎಂದಳು ಗಂಗವ್ವ. "ಏನ್ ಮಾಡಿದೆ ನಾ?"

ಕಲ್ಲವ್ವ ತಡವರಿಸಿದಳು. "ನನ್ನ ಗಂಡಗ... ಮದ್ದ ಹಾಕಿದಿ."

"ಯಾತರಾಗ?"

"ಶೇಂಗಾ ಚಟ್ನ್ಯಾಗ."

ಹುಸೇನಬಿಗೆ ತಡೆಯಲಾಗಲಿಲ್ಲ. "ಇಕಿ ಚಟ್ನಿ ಖಾರಂತ ಹೇಳಿ ನಿನ್ನ ಗಂಡ ಹಿಂದ ಒಂದ ಮದುವಿ ಊಟದಾಗ ಎಲಿ ಬಿಟ್ಟ ಎದ್ದಾವ. ಅಂವ ಮದ್ದ ತಿನ್ನೂದರ ಯಾವಾಗ ಮಾರಾಯ್ತಿ?"

ಕಲ್ಲವ್ವನಿಗೆ ಮೊದಲು ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಗಂಗವ್ವನ ಮೊಣಕಾಲು ಹಿಡಿದುಕೊಂಡು ನೆಲಕ್ಕೇ ಕೂತುಬಿಟ್ಟಳು. ಇನ್ನೊಂದು ಬಾಗಿಲು ತೆರೆಯಿತು. ಆ ಮನೆಯಲ್ಲಿ ಗಂಗವ್ವ ಕಳ್ಳಿಯಾಗಿದ್ದಳು. ಅದರಾಚೆಯ ಮನೆಯಲ್ಲಿ ಮಾಟಗಾತಿ. ಬಂದವರೆಲ್ಲ ತಮ್ಮ ತಮ್ಮದನ್ನು ಹೇಳಿದರು, ಗಂಗವ್ವ ಎಲ್ಲವನ್ನೂ ಕಿವಿಗೊಟ್ಟು ಕೇಳಿದಳು. ಎರಡು ಮನೆಗಳ ಬಾಗಿಲು ಮಾತ್ರ ತೆರೆಯಲೇ ಇಲ್ಲ. ಆ ಮನೆಗಳ ಹೆಂಗಸರು ಅಂದಿನಿಂದ ಗಂಗವ್ವನನ್ನು ಕಂಡರೆ ದಾರಿ ಬದಲಿಸಿದರು. ಅವಳಿಗೆ ಆ ನೋವು ಹೋಗಲಿಲ್ಲ.

ಆಮೇಲೆ ದಾಕ್ಷಾಯಣಿ ಬೇರೆ ಓಣಿಗಳಿಗೆ ಹೋಗತೊಡಗಿದಳು. ಒಪ್ಪಿಗೆಯ ಗುಂಡಿಯ ಹಿಂದೆ ಏನಿರುತ್ತದೆಂದು ತನಗೆ ತಿಳಿದಷ್ಟನ್ನು ಹೇಳುವಳು. ಹೇಳಿ ಮುಗಿಸಿ, ಮನೆಯವರೆಲ್ಲ ಒಟ್ಟಿಗೆ ಕೂತು ನಿನ್ನೆಯ ಕಥೆ ಒಬ್ಬರಿಗೊಬ್ಬರು ಹೇಳಿಕೊಳ್ಳಿರಿ ಎನ್ನುವಳು. ಅದಕ್ಕಿಂತ ಹೆಚ್ಚಿನದೇನೂ ಬೇಕಾಗುತ್ತಿರಲಿಲ್ಲ.

ಒಂದು ರವಿವಾರ ಬೆಳಿಗ್ಗೆ ಶ್ರೀವತ್ಸ ತಾನೇ ಕಾರು ತೆಗೆದುಕೊಂಡು ಓಣಿಗೆ ಬಂದ. ಗಂಗವ್ವ ಅವನಿಗೆ ಚಹಾ ಮಾಡಿಸಿದಳು. ಅವನು ಕೊನೆಯ ಮಾತು ಹೇಳಿದ: ಇನ್ನು ಮೇಲೆ ನೋಡಿದ್ದಕ್ಕೆ ಕಂಪನಿಯೇ ತಿಂಗಳಿಗಿಷ್ಟು ಎಂದು ಮನೆಗೆ ಹಣ ಕೊಡುತ್ತದೆ, ದಾಕ್ಷಾಯಣಿ ಕೆಲಸಕ್ಕೆ ಮರಳಬಹುದು.

ಗಂಗವ್ವ ಮಗನ ಕಡೆ ನೋಡಿದಳು. ಚನ್ನವೀರ ಒಳಗೆ ಹೋಗಿ ಗೋಡೆಯ ಪರದೆ ಬಿಚ್ಚಿದ. ಗಂಡ ಹೆಂಡತಿ ಇಬ್ಬರೂ ಅದನ್ನು ಆಚೆ ಈಚೆ ಹಿಡಿದು ತಂದು, ಕಾರಿನ ಹಿಂದಿನ ಸೀಟಿನ ಮೇಲೆ, ಒಡೆಯದ ಹಾಗೆ ಚಾದರ ಹೊದಿಸಿ ಇಟ್ಟರು.

"ರೊಕ್ಕಾ ಕೊಟ್ಟ ಇದನ್ನ ತಗೊಂಡಿದ್ವಿ ಸರ್," ಎಂದಳು ದಾಕ್ಷಾಯಣಿ. "ವಾಪಸ್ ಪುಕ್ಕಟೆ ಕೊಡಾಕತ್ತೇವಿ. ಒಯ್ಯಿರಿ."

ಶ್ರೀವತ್ಸ ಕಾರಿನಲ್ಲಿ ಕೂತ. ಕೀಲಿ ತಿರುಗಿಸಲಿಲ್ಲ. ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ನೋಡಿ, ಕಿಟಕಿಯಿಂದ ಮೆಲ್ಲಗೆ ಹೇಳಿದ: "ನನ್ನ ಹೆಂಡತಿ ಮೂರು ತಿಂಗಳಿಂದ ನನ್ನ ಹತ್ರ ಸರಿಯಾಗಿ ಮಾತಾಡ್ತಿಲ್ಲ. ಅವಳು ಏನು ನೋಡ್ತಾಳೆ ಅಂತ ನನಗೆ ಗೊತ್ತಿಲ್ಲ ದಾಕ್ಷಾಯಣಿ. ತೆರೆದು ನೋಡೋ ಅಧಿಕಾರ ನನಗಿದೆ. ನೋಡೋಕೆ ಧೈರ್ಯ ಇಲ್ಲ."

ಅವಳಿಗೆ ಅವನ ಮೇಲೆ ಕನಿಕರವೇನೂ ಬರಲಿಲ್ಲ. ಆದರೂ ಉತ್ತರ ಗೊತ್ತಿದ್ದವಳು ಹೇಳದೆ ಇರಲಾರಳು.

"ತೆರೆದ ನೋಡಬ್ಯಾಡ್ರಿ ಸರ್. ಮನಿಗೆ ಹೋಗಿ ಅವರನ್ನ ಕೇಳ್ರಿ."